ಒಂಟಿ ಪತ್ತೇದಾರ

ಹಗಲು ಕಾಲೇಜಿನಲ್ಲಿ ಮಿಲ್ಟನ್ ಕವಿಯ ಪಾಠ ಹೇಳುವವನು ರಾತ್ರಿ ಕೊಲೆಯ ಕಥೆಗಳನ್ನು ಓದುತ್ತಾನೆಂದರೆ ನೀವು ನಗಬಹುದು. ನಗಿರಿ, ಆದರೆ ನಿಮ್ಮ ದಿಂಬಿನ ಕೆಳಗೆ ಅಂತಹ ಪುಸ್ತಕವೊಂದೂ ಇಲ್ಲವೆಂದು ಪ್ರಮಾಣ ಮಾಡಬಲ್ಲಿರಾ? ಕೊಲೆಗಾರನು ಯಾರೆಂಬ ಕುತೂಹಲವೇ ಈ ಕಥೆಗಳ ಆಕರ್ಷಣೆಯೆಂದು ಸಾಮಾನ್ಯವಾಗಿ ಹೇಳುವುದುಂಟು. ಷರ್ಲಾಕ್ ಹೋಮ್ಸನ ಮಟ್ಟಿಗೆ ಆ ಮಾತು ಒಪ್ಪತಕ್ಕದ್ದೇ. ಜೊತೆಗಾರನಿಲ್ಲದೆ ತಿರುಗುವ ಒಂಟಿ ಪತ್ತೇದಾರನ ಕಥೆಗೆ ಅದು ಸಾಲದೆಂದು ನನ್ನ ಅಭಿಪ್ರಾಯ.

ಅಮೆರಿಕದ ರೇಮಂಡ್ ಚಾಂಡ್ಲರನು ೧೯೩೯ರಲ್ಲಿ ಪ್ರಕಟಿಸಿದ ‘ದಿ ಬಿಗ್ ಸ್ಲೀಪ್’ ಕಾದಂಬರಿಯನ್ನು ನೋಡೋಣ. ಈತನು ಇಂಗ್ಲೆಂಡಿನಲ್ಲಿ ಓದಿದವನು. ಲಾಸ್ ಏಂಜಲೀಸಿನಲ್ಲಿ ಎಣ್ಣೆ ಕಂಪೆನಿಯ ದೊಡ್ಡ ಹುದ್ದೆಯಲ್ಲಿದ್ದು, ೧೯೩೨ರಲ್ಲಿ ಅದನ್ನು ಕಳೆದುಕೊಂಡು, ನಲವತ್ತು ದಾಟಿದ ಮೇಲೆ ಅಗ್ಗದ ಮಾಸಪತ್ರಿಕೆಗೆ ಕಥೆ ಬರೆಯಹೊರಟನು. ನನ್ನ ವಯಸ್ಸಿನವರಿಗೆ ಇದು ಸಮಾಧಾನದ ಸಂಗತಿ.

ಕಥೆಯಲ್ಲಿ ಸಮುದ್ರಕ್ಕೆ ಬಿದ್ದ ಮೋಟಾರೊಂದರಲ್ಲಿ ಶ್ರೀಮಂತನೊಬ್ಬನ ಡ್ರೈವರನ ಶವ ದೊರೆಯುತ್ತದೆ. ಅವನನ್ನು ಕೊಂದವರಾರು? ೧೯೪೬ರಲ್ಲಿ ತೆರೆಗೆ ಬಂದ ಚಲನಚಿತ್ರವನ್ನು ತಯಾರಿಸುತ್ತಿದ್ದವರು ಈ ಪ್ರಶ್ನೆಯನ್ನು ಗ್ರಂಥಕರ್ತನಿಗೇ ತಂತಿ ಮೂಲಕ ಕೇಳಿದರು. ತನಗೂ ತಿಳಿಯದೆಂದು ಆತನು ಉತ್ತರಿಸಿದನು! ಕುತೂಹಲವೇ ಸರ್ವಸ್ವವಾಗಿದ್ದರೆ ಈ ಪುಸ್ತಕವು ಅಂದೇ ಸತ್ತುಹೋಗಬೇಕಾಗಿತ್ತು.

ನಮ್ಮನ್ನು ಹಿಡಿದು ನಿಲ್ಲಿಸುವವನು ಫಿಲಿಪ್ ಮಾರ್ಲೋ. ಮೂವತ್ತಮೂರರ ವಯಸ್ಸು, ಮದುವೆಯಿಲ್ಲ. ಸರ್ಕಾರಿ ವಕೀಲರ ಕಚೇರಿಯಲ್ಲಿದ್ದಾಗ ಮೇಲಿನವರಿಗೆ ಎದುರಾಡಿ ಕೆಲಸ ಕಳೆದುಕೊಂಡವನು. ದಿನಕ್ಕೆ ಇಪ್ಪತ್ತೈದು ಡಾಲರ್ ಸಂಬಳ, ಮೇಲೆ ಖರ್ಚು. ಮುದಿ ಜನರಲ್ ಸ್ಟರ್ನ್‌ವುಡ್ಡನ ಕಿರಿಯ ಮಗಳ ಸಾಲದ ಚೀಟಿಗಳನ್ನು ಹಿಡಿದು ಹಣ ಕೀಳಬಂದವನನ್ನು ವಿಚಾರಿಸುವುದು ಅವನಿಗೆ ಒಪ್ಪಿಸಿದ ಕೆಲಸ.

ಆ ಶ್ರೀಮಂತನ ಬಾಗಿಲ ಮೇಲೆ ಬಣ್ಣದ ಗಾಜಿನಲ್ಲಿ ಒಂದು ಚಿತ್ರವಿದೆ: ಮರಕ್ಕೆ ಕಟ್ಟಿದ ಹೆಣ್ಣೊಬ್ಬಳನ್ನು ಬಿಡಿಸಲು ಯತ್ನಿಸುತ್ತಿರುವ, ಬಿಡಿಸಲಾರದ, ವೀರಯೋಧ. ಮುಂದೆ ಒಂದು ರಾತ್ರಿ ಮಾರ್ಲೋ ತನ್ನ ಕೋಣೆಯಲ್ಲಿ ಚದುರಂಗದ ಕುದುರೆಯನ್ನು ನಡೆಸಿ, ಆ ನಡೆ ತಪ್ಪೆಂದು ಹಿಂದಕ್ಕಿಡುತ್ತಾನೆ. ನಾವು ಕುದುರೆಯೆನ್ನುವ ಕಾಯಿಗೆ ಇಂಗ್ಲಿಷಿನಲ್ಲಿ ‘ನೈಟ್’ ಎಂದು ಹೆಸರು. ಗಾಜಿನ ಮೇಲಿನ ಯೋಧನಿಗೂ ಅದೇ ಹೆಸರು. ಎಲ್ಲಕ್ಕೂ ಬೆಲೆ ಕಟ್ಟಿರುವ ಊರಿನಲ್ಲಿ ಇಂತಹವನಿಗೆ ಎಡೆಯಿಲ್ಲವೆಂಬುದು ಅವನಿಗೇ ಗೊತ್ತು. ಗೊತ್ತಿದ್ದೂ ನಡೆಯುತ್ತಾನೆ.

ಶಿಫಾರಸು ಪತ್ರ ಹಿಡಿದು ಬಂದವನಿಗೆ ಕುರ್ಚಿ ತೋರಿಸಿ, ದೊಡ್ಡವರ ಮಾತಿಗೆ ತಲೆಯಾಡಿಸಿ ಸಂಜೆ ಮನೆಗೆ ಮರಳುವ ನಮ್ಮಂತಹವರಿಗೆ ಇವನು ಏಕೆ ಪ್ರಿಯನೆಂದು ವಿವರಿಸಬೇಕೆ? ಕೆಲಸವು ತೃಪ್ತಿಕರವಾಗಿ ಮುಗಿಯಲಿಲ್ಲವೆಂದು, ಪಡೆದ ಐನೂರು ಡಾಲರುಗಳನ್ನು ಹಿಂದಿರುಗಿಸಲು ಅವನು ಸಿದ್ಧನಾಗುತ್ತಾನೆ. ಬಾಯಿ ಮುಚ್ಚಿಕೊಂಡಿರಲು ಹದಿನೈದು ಸಾವಿರ ಕೊಡುವೆನೆಂದಾಗ ಸಿಟ್ಟಿನಿಂದ ನಿರಾಕರಿಸುತ್ತಾನೆ.

ಆದರೂ ಬಾಯಿ ಮುಚ್ಚಿಕೊಂಡೇ ಇರುತ್ತಾನೆ. ಕೊಂದವರಾರೆಂಬುದನ್ನು, ಪುಸ್ತಕ ಓದದವರಿಗಾಗಿ, ನಾನು ಹೇಳುವುದಿಲ್ಲ. ಸತ್ತವನು ಜನರಲ್ಲನ ಪ್ರೀತಿಯ ಅಳಿಯ. ಸಾವಿನ ಅಂಚಿನಲ್ಲಿರುವ ಮುದುಕನ ಎದೆ ಒಡೆಯಬಾರದೆಂದು ಮಾರ್ಲೋ ಸತ್ಯವನ್ನು ಹೂಳುತ್ತಾನೆ. ಹಣಕ್ಕೆ ಮಾಡದ ಕೆಲಸವನ್ನು ಕರುಣೆಗಾಗಿ ಮಾಡುತ್ತಾನೆ. ಪೊಲೀಸರ ಪಾಲಿಗೆ ಫಲವೊಂದೇ. ಅವನು ಮಾಡಿದ್ದು ಸರಿಯೆ? ಓದುವಾಗಲೆಲ್ಲ ಸರಿಯೆಂದೇ ನನ್ನ ಮನಸ್ಸು ಹೇಳುತ್ತದೆ; ಮರುದಿನ ಬೆಳಗ್ಗೆ ತರಗತಿಗೆ ಹೋಗುವಾಗ ಆ ತೀರ್ಪಿನಲ್ಲಿ ಅಷ್ಟು ಧೈರ್ಯ ಉಳಿದಿರುವುದಿಲ್ಲ.