ಹಳೆಯ ಕಿಟಕಿ ಮುಚ್ಚುವವರು ಯಾರು?

(ಗ್ರಂಥಾಲಯವೊಂದರ ಓದುಗರ ಕೂಟದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗಾಡಿಯ ಚಕ್ರ ಸವೆಯುತ್ತದೆ, ಹೊಲಿಗೆ ಯಂತ್ರದ ಸೂಜಿ ಮೊಂಡಾಗುತ್ತದೆ. ತಂತ್ರಾಂಶಕ್ಕೆ ಸವೆತವಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಹೇಗೆ ಓಡುತ್ತಿತ್ತೋ ಇಂದೂ ಹಾಗೆಯೇ ಓಡಬಲ್ಲದು. ಆದರೂ ಒಂದು ದಿನ ಪರದೆಯ ಮೇಲೆ ಸೂಚನೆ ಬರುತ್ತದೆ: ನಿಮ್ಮ ವ್ಯವಸ್ಥೆಗೆ ಇನ್ನು ಬೆಂಬಲವಿಲ್ಲ. ಯಂತ್ರ ಕೆಟ್ಟಿಲ್ಲ. ಹಾಗಾದರೆ ನಿಂತದ್ದು ಏನು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವೆಲ್ಲ ಬಲ್ಲ ವಿಂಡೋಸ್ ಎಕ್ಸ್‌ಪಿಯ ಕತೆಯನ್ನು ನೋಡೋಣ.

ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್ 25ರಂದು. ಕನ್ನಡಿಗರಿಗೆ ಅದು ಬರೀ ಇನ್ನೊಂದು ವ್ಯವಸ್ಥೆಯಲ್ಲ. ವಿಂಡೋಸ್ ಸರಣಿಯಲ್ಲಿ ಕನ್ನಡ ಲಿಪಿಯನ್ನು ಯುನಿಕೋಡ್ ಸಂಕೇತದ ಮೂಲಕ ತಾನೇ ಮೂಡಿಸಬಲ್ಲದ್ದಾಗಿ ಬಂದ ಮೊದಲನೆಯದು ಅದೇ. 'ತುಂಗಾ' ಎಂಬ ಕನ್ನಡ ಅಕ್ಷರಶೈಲಿ ಅದರ ಜೊತೆಗೇ ಬಂತು. ಅದಕ್ಕೆ ಮುಂಚೆ ಕನ್ನಡದ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮ ತಮ್ಮದೇ ಸಂಕೇತ ಕೊಟ್ಟುಕೊಂಡಿದ್ದವು. ಒಂದರಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ತೆರೆದರೆ ಕಲಸುಮೇಲೋಗರ!

ಇಂಥ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಬೆಂಬಲವೆಂದರೆ ಮುಖ್ಯವಾಗಿ ದುರಸ್ತಿ. ತಂತ್ರಾಂಶದಲ್ಲಿ ಕಳ್ಳರು ನುಗ್ಗಬಹುದಾದ ಬಿರುಕುಗಳು ವರ್ಷಗಳ ನಂತರವೂ ಪತ್ತೆಯಾಗುತ್ತಲೇ ಇರುತ್ತವೆ. ಅವುಗಳಿಗೆ ತೇಪೆ ಹಚ್ಚುವ ಜನ ಬೇಕು. ಅಂದು ನಿಂತದ್ದು ಆ ಜನರ ಕೆಲಸ. ಹೊಸ ವ್ಯವಸ್ಥೆಗೆ ಹಚ್ಚಿದ ತೇಪೆಯನ್ನು ನೋಡಿದ ಜಾಣ ಕಳ್ಳನಿಗೆ, ಹಳೆಯದರಲ್ಲಿ ಅದೇ ಜಾಗದಲ್ಲಿ ಬಿರುಕು ಹಾಗೆಯೇ ಉಳಿದಿರಬಹುದೆಂಬ ಸುಳಿವೂ ಸಿಗುತ್ತದೆ.

ತಯಾರಕರು ಕೈಬಿಟ್ಟ ಮೇಲೆ ಉಳಿದವರ ಸರದಿ. ಯಾವ ತಂತ್ರಾಂಶವೂ ಎಲ್ಲ ಕೆಲಸವನ್ನೂ ತಾನೇ ಮಾಡುವುದಿಲ್ಲ. ಕಡತ ತೆರೆಯಲು, ಅಕ್ಷರ ಮೂಡಿಸಲು, ಜಾಲದಿಂದ ಮಾಹಿತಿ ತರಲು ಅದು ಕಾರ್ಯಾಚರಣ ವ್ಯವಸ್ಥೆಯನ್ನೇ ಕೇಳಬೇಕು. ಹೊಸ ವ್ಯವಸ್ಥೆಗಳು ಹೊಸ ಸೌಲಭ್ಯ ಕೊಡುತ್ತವೆ. ಹಳೆಯದರಲ್ಲಿ ಅವು ಇರುವುದಿಲ್ಲ. ಎರಡರಲ್ಲೂ ಓಡಬೇಕೆಂದರೆ ಎರಡು ಬಗೆಯಲ್ಲಿ ಬರೆಯಬೇಕು, ಪ್ರತಿ ಬದಲಾವಣೆಯನ್ನೂ ಎರಡು ಕಡೆ ಪರೀಕ್ಷಿಸಬೇಕು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನೋಡಿ. ಅದನ್ನು ಕಟ್ಟುವವರಲ್ಲಿ ಸ್ವಯಂಸೇವಕರೇ ಬಹಳ. ಅವರದೊಂದು ಲಿಖಿತ ನಿಯಮವಿದೆ: ಹೊಸ ಆವೃತ್ತಿ ಹೊರಬರುವಾಗ ಮೈಕ್ರೋಸಾಫ್ಟ್ ಇನ್ನೂ ಬೆಂಬಲಿಸುತ್ತಿರುವ ವಿಂಡೋಸ್‌ಗಳಿಗೆ ಮಾತ್ರ ತಮ್ಮ ಬೆಂಬಲ. ಪೈಥಾನ್ 3.4 ಬಂದದ್ದು 2014ರ ಮಾರ್ಚ್‌ನಲ್ಲಿ, ಎಕ್ಸ್‌ಪಿಯ ಗಡುವಿಗೆ ಕೆಲವೇ ವಾರ ಮೊದಲು. ಹಾಗಾಗಿ ಅದು ಎಕ್ಸ್‌ಪಿಯಲ್ಲಿ ಓಡಿತು. 2015ರಲ್ಲಿ ಬಂದ 3.5 ಓಡಲಿಲ್ಲ. ಜಾಲ ನೋಡುವ ತಂತ್ರಾಂಶಗಳು ಇನ್ನಷ್ಟು ದಿನ ಹೊರೆ ಹೊತ್ತವು. ಗೂಗಲ್‌ನ ಕ್ರೋಮ್ ಗಡುವನ್ನು ಮತ್ತೆ ಮತ್ತೆ ಮುಂದೂಡಿ 2016ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ ಎಕ್ಸ್‌ಪಿ ಬಳಕೆದಾರರನ್ನು ದುರಸ್ತಿ ಮಾತ್ರ ಸಿಗುವ ಪ್ರತ್ಯೇಕ ಆವೃತ್ತಿಗೆ ಸಾಗಿಸಿ, 2018ರಲ್ಲಿ ಅದನ್ನೂ ಮುಗಿಸಿತು. ಸರಪಳಿಯ ಒಂದು ಕೊಂಡಿ ಕಳಚಿದರೆ ಮುಂದಿನವು ಒಂದೊಂದಾಗಿ ಕಳಚುತ್ತವೆ.

ಇಲ್ಲಿ ತಪ್ಪು ಯಾರದು? ಸಂಬಳವಿಲ್ಲದೆ ಬಿಡುವಿನ ವೇಳೆಯಲ್ಲಿ ದುಡಿಯುವವನಿಗೆ 'ಹದಿನೈದು ವರ್ಷ ಹಳೆಯ ಯಂತ್ರವನ್ನೂ ನೋಡಿಕೋ' ಎನ್ನುವುದು ನ್ಯಾಯವಲ್ಲ. ಆದರೆ ಇನ್ನೊಂದು ಪಕ್ಷವೂ ಉಂಟು. ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರವನ್ನೋ ಕಾರ್ಖಾನೆಯ ಲೇತನ್ನೋ ಕೊಂಡವರು ಅದು ದಶಕಗಟ್ಟಲೆ ಬಾಳಲೆಂದೇ ಕೊಳ್ಳುತ್ತಾರೆ. ಅದರ ಹೊಟ್ಟೆಯಲ್ಲಿರುವ ವ್ಯವಸ್ಥೆಯ ಆಯುಷ್ಯ ಅದಕ್ಕಿಂತ ಕಡಿಮೆ ಎಂದು ಅವರಿಗೆ ಹೇಳಿದವರಾರು?

ನಿರ್ಲಕ್ಷ್ಯದ ಬೆಲೆ 2017ರ ಮೇ 12ರಂದು ಜಗತ್ತಿಗೆ ತಿಳಿಯಿತು. ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯ 236 ಟ್ರಸ್ಟ್‌ಗಳಲ್ಲಿ ಕನಿಷ್ಠ 81ಕ್ಕೆ ತೊಂದರೆಯಾಯಿತು; ರೋಗಿಗಳ ಸಾವಿರಾರು ಭೇಟಿಗಳು ರದ್ದಾದವು. ಮೈಕ್ರೋಸಾಫ್ಟ್ ಕೂಡಲೇ ಎಕ್ಸ್‌ಪಿಗೂ ತೇಪೆ ಬಿಡುಗಡೆ ಮಾಡಿತು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಅಂದು ಹೆಚ್ಚಾಗಿ ಬಲಿಯಾದದ್ದು ಎಕ್ಸ್‌ಪಿಯಲ್ಲ, ವಿಂಡೋಸ್ 7. ಅದಕ್ಕೆ ಬೆಂಬಲವಿತ್ತು, ಎರಡು ತಿಂಗಳ ಹಿಂದೆಯೇ ತೇಪೆ ಬಂದಿತ್ತು, ಹಚ್ಚಿಕೊಂಡಿರಲಿಲ್ಲ ಅಷ್ಟೆ. ಬೆಂಬಲ ಕೊಡುವವರಿದ್ದರೆ ಸಾಲದು, ಪಡೆಯುವವರೂ ಎಚ್ಚರವಿರಬೇಕು.

ನಮ್ಮ ದೇಶದಲ್ಲೂ ಇದೇ ಪಾಡು. ಬ್ಯಾಂಕುಗಳ ಎಟಿಎಂಗಳಲ್ಲಿ ಎಕ್ಸ್‌ಪಿ ಬಹುಕಾಲ ಉಳಿದುಕೊಂಡಿತ್ತು. ಬೆಂಬಲ ನಿಂತು ನಾಲ್ಕು ವರ್ಷಗಳಾದ ಮೇಲೆ, 2018ರ ಜೂನ್‌ನಲ್ಲಿ, ರಿಸರ್ವ್ ಬ್ಯಾಂಕು ಹಂತಹಂತದ ಗಡುವು ವಿಧಿಸಿತು: 2019ರ ಜೂನ್ ಒಳಗೆ ಎಲ್ಲ ಎಟಿಎಂಗಳೂ ಬೆಂಬಲವಿರುವ ವ್ಯವಸ್ಥೆಗೆ ಬದಲಾಗಬೇಕು ಎಂದು. ಅಲ್ಲಿಯವರೆಗೆ ಆ ಯಂತ್ರಗಳ ಮುಂದೆ ಸಾಲು ನಿಂತವರಿಗೆ ಒಳಗೇನಿದೆ ಎಂದು ಯಾರೂ ಹೇಳಿರಲಿಲ್ಲ.

ಈಗ ಅದೇ ಕತೆಯ ಮುಂದಿನ ಅಧ್ಯಾಯ ನಡೆದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಕಾಲದ ಪ್ರೊಸೆಸರ್ ಬೇಕು. ಅವಿಲ್ಲದ, ಆದರೆ ಗಟ್ಟಿಮುಟ್ಟಾಗಿರುವ ಕಂಪ್ಯೂಟರ್‌ಗಳು ಶಾಲೆ, ಸಣ್ಣ ಅಂಗಡಿ, ಮನೆಗಳಲ್ಲಿ ಬೇಕಾದಷ್ಟಿವೆ. ಅವುಗಳಿಗೆ ಲಿನಕ್ಸ್ ಹಾಕಿಕೊಂಡು ಇನ್ನಷ್ಟು ವರ್ಷ ದುಡಿಸಬಹುದು. ಲಿನಕ್ಸ್ ಆವೃತ್ತಿಗಳಿಗೂ ಕೊನೆಯ ದಿನಾಂಕ ಇದ್ದೇ ಇದೆ. ಆದರೆ ಮುಂದಿನ ಆವೃತ್ತಿಗೆ ಹಣ ಕೊಡಬೇಕಾಗಿಲ್ಲ.

ಹಾಗಾದರೆ ಉಳಿಯುವುದೇನು? ಮತ್ತೆ ನಮ್ಮ ಕನ್ನಡಕ್ಕೇ ಬರೋಣ. ಎಕ್ಸ್‌ಪಿ ಹೋಯಿತು. ಆದರೆ ಅದರಲ್ಲಿ ಯುನಿಕೋಡ್‌ನಲ್ಲಿ ಬರೆದಿಟ್ಟ ಕನ್ನಡ ಪಠ್ಯದ ಅಕ್ಷರಗಳನ್ನು ಇಂದಿನ ಮೊಬೈಲ್ ಫೋನೂ ಗುರುತಿಸುತ್ತದೆ. ಏಕೆಂದರೆ ಆ ಸಂಕೇತ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಖಾಸಗಿ ಸಂಕೇತಗಳಲ್ಲಿ ಬರೆದ ಕತೆ, ಕಡತ, ಸಂಸ್ಥೆಯ ನಡಾವಳಿಗಳು ಮಾತ್ರ ಆಯಾ ಅಕ್ಷರಶೈಲಿ ಮತ್ತು ಅದು ಓಡುವ ಹಳೆಯ ಯಂತ್ರ ಇರುವ ತನಕ ಅಕ್ಷರ. ಆಮೇಲೆ ಪರಿವರ್ತಿಸದಿದ್ದರೆ ಬರೀ ಗುರುತು. ಎಷ್ಟೋ ಕಡೆ ಹಳೆಯ ಕಂಪ್ಯೂಟರನ್ನು ಬಿಡಲಾಗದೆ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಕಂಪ್ಯೂಟರ್ ಕೊಳ್ಳುವಾಗ ಬೆಲೆಯ ಜೊತೆಗೆ ಬೆಂಬಲದ ಕೊನೆಯ ದಿನಾಂಕವನ್ನೂ ಕೇಳಿ. ಹಳೆಯ ಯಂತ್ರವನ್ನು ಬಿಡಲಾಗದಿದ್ದರೆ ಅದನ್ನು ಅಂತರ್ಜಾಲದಿಂದ ದೂರವಿಡಿ. ಅದರೊಳಗಿನ ಕನ್ನಡವನ್ನು ಯಂತ್ರ ಓಡುತ್ತಿರುವಾಗಲೇ ಯುನಿಕೋಡ್‌ಗೆ ಬದಲಿಸಿಕೊಳ್ಳಿ. ಕಿಟಕಿ ಮುಚ್ಚುವ ದಿನವನ್ನು ನಿರ್ಧರಿಸುವವರು ಬೇರೆ ಎಲ್ಲೋ ಇದ್ದಾರೆ. ಅದಕ್ಕೆ ಮೊದಲು ಒಳಗಿನ ಸಾಮಾನನ್ನು ಹೊರತೆಗೆಯುವುದು ಮಾತ್ರ ನಮ್ಮದೇ ಕೆಲಸ.