ಸರೋವರದ ಜೊಂಡು ಮತ್ತು ಮೆಕ್ಸಿಕೊದ ಚಾಪೆ

ಮೆಕ್ಸಿಕೊದ ಎತ್ತರದ ಪ್ರಸ್ಥಭೂಮಿಯಲ್ಲಿರುವ ಸರೋವರಗಳ ಅಂಚಿನಲ್ಲಿ ಬೆಳೆಯುವ ಜೊಂಡನ್ನು ಕೊಯ್ದು, ಒಣಗಿಸಿ, ಮಗ್ಗದ ನೆರವಿಲ್ಲದೆ ಕೈಯಿಂದಲೇ ಹೆಣೆಯುವ ಕಸುಬು ಆ ನಾಡಿನ ಅತ್ಯಂತ ಹಳೆಯ ಕೌಶಲಗಳಲ್ಲಿ ಒಂದು. ತೆವಾಕಾನ್ ಕಣಿವೆಯ ಒಣ ಗುಹೆಗಳಲ್ಲಿ 1960ರ ದಶಕದಲ್ಲಿ ರಿಚರ್ಡ್ ಮ್ಯಾಕ್‌ನೀಶ್ ನಡೆಸಿದ ಉತ್ಖನನಗಳಲ್ಲಿ ಆದಿಕಾಲದ ಮೆಕ್ಕೆಜೋಳದ ಅವಶೇಷಗಳ ಜೊತೆಗೆ ಹೆಣೆದ ಚಾಪೆ, ಬುಟ್ಟಿಗಳ ತುಣುಕುಗಳೂ ದೊರೆತಿರುವುದರಿಂದ, ಅಲ್ಲಿ ನಾರಿನ ಹೆಣಿಗೆ ಎಷ್ಟು ಪುರಾತನವೆಂಬುದನ್ನು ಊಹಿಸಬಹುದು.

ಈ ಕಸುಬಿನ ಮುಖ್ಯ ಉತ್ಪನ್ನ ಪೆತಾತೆ, ಅಂದರೆ ನೆಲಕ್ಕೆ ಹಾಸುವ ಚಾಪೆ. ಸ್ಪೇನಿನವರ ಆಕ್ರಮಣದ ನಂತರ, ಸುಮಾರು 1541ರಲ್ಲಿ ಸ್ಥಳೀಯ ಚಿತ್ರಕಾರರು ರಚಿಸಿದ ‘ಮೆಂಡೋಸಾ ಕೋಡೆಕ್ಸ್’ ಎಂಬ ಚಿತ್ರಗ್ರಂಥದಲ್ಲಿ, ಅಸ್ಟೆಕ್ ಅರಸರಿಗೆ ಅಧೀನ ಪಟ್ಟಣಗಳು ಸಲ್ಲಿಸುತ್ತಿದ್ದ ಕಪ್ಪದ ಪಟ್ಟಿಯಲ್ಲಿ ಜೊಂಡಿನ ಚಾಪೆಗಳೂ ಬೆನ್ನೊರಗಿನ ಜೊಂಡಿನ ಪೀಠಗಳೂ ಇವೆ. ಅದೇ ಗ್ರಂಥದ ಮದುವೆಯ ಚಿತ್ರದಲ್ಲಿ, ದೀವಟಿಗೆಯ ಬೆಳಕಿನಲ್ಲಿ ಹೆಂಗಸೊಬ್ಬಳು ಬೆನ್ನ ಮೇಲೆ ಹೊತ್ತು ತಂದ ವಧು, ವರನೊಂದಿಗೆ ಚಾಪೆಯ ಮೇಲೆ ಕುಳಿತಿದ್ದಾಳೆ. ಇಬ್ಬರ ವಸ್ತ್ರಗಳ ಅಂಚನ್ನು ಗಂಟು ಹಾಕಲಾಗಿದೆ. ಸೆರಗು ಗಂಟಿನ ಶಾಸ್ತ್ರವನ್ನು ಬಲ್ಲ ಕನ್ನಡಿಗರಿಗೆ ಈ ಚಿತ್ರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲಗುವುದಕ್ಕೂ ಚಾಪೆ, ಅರಸನ ಆಸನಕ್ಕೂ ಚಾಪೆ, ಕೊನೆಗೆ ಶವವನ್ನು ಸುತ್ತುವುದಕ್ಕೂ ಚಾಪೆಯೇ ಬೇಕಾಗಿದ್ದ ಸಮಾಜದಲ್ಲಿ ಅದನ್ನು ಕೇವಲ ಬಡವರ ಹಾಸಿಗೆಯೆಂದು ಎಣಿಸುವುದು ಸರಿಯಲ್ಲ.

ಮಿಚೊವಾಕಾನ್ ರಾಜ್ಯದ ಪಾತ್ಸ್‌ಕ್ವಾರೊ ಸರೋವರದ ದಡದಲ್ಲಿ, ಪುರೆಪೆಚಾ ಜನರ ಇವಾತ್ಸಿಯೊ, ಪುವಾಕ್ವಾರೊ ಮೊದಲಾದ ಹಳ್ಳಿಗಳಲ್ಲಿ ಈ ಕಸುಬು ಇಂದಿಗೂ ಜೀವಂತವಾಗಿದೆ. 1538ರಲ್ಲಿ ಮಿಚೊವಾಕಾನಿನ ಮೊದಲ ಬಿಷಪ್ ಆದ ವಾಸ್ಕೊ ದೆ ಕಿರೋಗ ಒಂದೊಂದು ಹಳ್ಳಿಗೆ ಒಂದೊಂದು ಕಸುಬನ್ನು ಹಂಚಿಕೊಟ್ಟನೆಂಬ ಪ್ರತೀತಿ ಅಲ್ಲಿ ಬಲವಾಗಿದೆಯಾದರೂ, ಹೆಣಿಗೆಯ ಕೀರ್ತಿಯನ್ನು ಅವನೊಬ್ಬನಿಗೇ ಸಲ್ಲಿಸಿದರೆ ಅವನಿಗಿಂತ ಬಹಳ ಹಿಂದೆಯೇ ಚಾಪೆ ಹೆಣೆಯುತ್ತಿದ್ದ ಜನರಿಗೆ ಅನ್ಯಾಯವಾಗುತ್ತದೆ.

ಇಲ್ಲಿ ಬಳಕೆಯಾಗುವ ಸಸ್ಯಗಳು ಮುಖ್ಯವಾಗಿ ಎರಡು: ದುಂಡನೆಯ, ಒಳಗೆ ಬೆಂಡಿನಂತಿರುವ ದಂಟಿನ ‘ತುಲೆ’ ಮತ್ತು ಚಪ್ಪಟೆಯಾದ ಉದ್ದ ಎಲೆಗಳ ‘ಚುಸ್ಪಾತಾ’. ಎರಡನೆಯದು ಕರ್ನಾಟಕದ ಕೆರೆಗಳಲ್ಲಿ ಹಬ್ಬುವ ಆಪಿನ ಕುಲಕ್ಕೇ ಸೇರಿದ್ದು. ಹಸಿರಾಗಿರುವಾಗಲೇ ಇವನ್ನು ನೀರಿನಲ್ಲಿ ಕೊಯ್ದು, ದಡದಲ್ಲಿ ಹರಡಿ, ಎಲ್ಲ ಮಗ್ಗುಲೂ ಸಮನಾಗಿ ಒಣಗುವಂತೆ ಮಗುಚಿ ಹಾಕುತ್ತಾರೆ. ಒಣಗಿದ ದಂಟು ಹಾಗೆಯೇ ಬಾಗಿಸಿದರೆ ಮುರಿಯುವುದರಿಂದ ಹೆಣೆಯುವ ಮುನ್ನ ಅದಕ್ಕೆ ನೀರು ಚಿಮುಕಿಸಿ ಮೆತ್ತಗೆ ಮಾಡಬೇಕು. ನೀರು ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ, ಕಡಿಮೆಯಾದರೆ ಸೀಳುತ್ತದೆ. ನೆಲದ ಮೇಲೆ ಮಂಡಿಯೂರಿ, ಹೆಣೆದ ಭಾಗದ ಮೇಲೆ ತಾನೇ ಕುಳಿತು ಮುಂದುವರಿಯುವ ಕುಶಲಕರ್ಮಿ, ಒಂದೊಂದು ಸಾಲನ್ನೂ ಉರುಟು ಕಲ್ಲಿನಿಂದ ತಟ್ಟಿ ಚಪ್ಪಟೆಗೊಳಿಸುತ್ತಾಳೆ. ಚಾಪೆಯ ಅಂಚು ಬಿಚ್ಚಿಕೊಳ್ಳದಂತೆ ದಂಟಿನ ತುದಿಗಳನ್ನು ಮಡಚಿ ಒಳಕ್ಕೆ ಸಿಕ್ಕಿಸುವಲ್ಲಿ ಕೈಯ ಪಳಗಿಕೆ ಎದ್ದು ಕಾಣುತ್ತದೆ.

ಮೆಕ್ಸಿಕೊ ಕ್ರಾಂತಿಯ ನಂತರ, 1921ರಲ್ಲಿ ರಾಜಧಾನಿಯಲ್ಲಿ ನಡೆದ ಜನಪದ ಕಲೆಗಳ ಪ್ರದರ್ಶನವು ಇಂತಹ ಕಸುಬುಗಳಿಗೆ ರಾಷ್ಟ್ರೀಯ ಮನ್ನಣೆ ತಂದಿತು. 1974ರಲ್ಲಿ ಕರಕುಶಲಕರ್ಮಿಗಳ ನೆರವಿಗೆ ‘ಫೊನಾರ್ಟ್’ ಎಂಬ ಸರ್ಕಾರಿ ನಿಧಿ ಸ್ಥಾಪನೆಯಾಯಿತು. ಮಂಚವೂ ಪ್ಲಾಸ್ಟಿಕ್ಕೂ ಮನೆ ಸೇರಿ ಚಾಪೆಯ ಬೇಡಿಕೆ ಕುಗ್ಗಿದಾಗ, ಅದೇ ಜೊಂಡು ಬುಟ್ಟಿ, ಟೋಪಿ, ಪ್ರಾಣಿಗಳ ಗೊಂಬೆ ಹಾಗೂ ಕಬ್ಬಿಣದ ಚೌಕಟ್ಟಿಗೆ ಸುತ್ತಿದ ಕುರ್ಚಿಗಳ ರೂಪ ತಾಳಿತು.

ಆದರೆ ಬೇಡಿಕೆಗಿಂತ ದೊಡ್ಡ ಪ್ರಶ್ನೆ ನೀರಿನದು. ಮೆಕ್ಸಿಕೊ ನಗರಕ್ಕೆ ನೀರೊದಗಿಸುವ ಲೆರ್ಮ ಯೋಜನೆ 1951ರಲ್ಲಿ ಆರಂಭವಾದ ಮೇಲೆ ಲೆರ್ಮ ಕಣಿವೆಯ ಜೌಗು ಪ್ರದೇಶಗಳು ಬತ್ತುತ್ತ ಹೋಗಿ, ಅವುಗಳೊಂದಿಗೆ ಜೊಂಡನ್ನು ನಂಬಿದ್ದ ಬದುಕೂ ಸೊರಗಿತು. ಉಳಿದ ಭಾಗವನ್ನು 2002ರಲ್ಲಿ ಸಂರಕ್ಷಿತವೆಂದು ಘೋಷಿಸಿದ್ದು ಬಹಳ ತಡವಾಗಿ ಬಂದ ಕ್ರಮ. ಪಾತ್ಸ್‌ಕ್ವಾರೊದಲ್ಲಿಯೂ ಗುಡ್ಡಗಳ ಕಾಡು ಕಡಿದದ್ದರಿಂದ ಹೂಳು ತುಂಬಿ ಸರೋವರ ಕುಗ್ಗುತ್ತ ಬಂದಿದ್ದು, 2024ರ ಬರಗಾಲದಲ್ಲಿ ತೋಟಗಳಿಗಾಗಿ ಟ್ಯಾಂಕರ್‌ಗಳಲ್ಲಿ ಅಕ್ರಮವಾಗಿ ನೀರು ಸಾಗಿಸುವುದನ್ನು ತಡೆಯಲು ಕಾವಲು ಹಾಕಬೇಕಾಯಿತು. ಸರೋವರಕ್ಕೆ ನೀರುಣಿಸುವ ಬುಗ್ಗೆಗಳ ಹೂಳು ತೆಗೆಯುವ ಕೆಲಸವೂ ಆಗಲೇ ಚುರುಕಾಯಿತು.