ಗೋಡೆಯ ಮೇಲೊಂದು ಉಣ್ಣೆಯ ಬೆಟ್ಟ
(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಹೋಟೆಲು, ಕಾರ್ಖಾನೆ, ಕಚೇರಿಗಳಲ್ಲಿ ದಿನವಿಡೀ ದುಡಿದು ಬಂದವರ ಮುಂದೆ ಕುರಿಯ ತುಪ್ಪಟದ ಮಾತೇ ಎಂದು ಕೆಲವರಿಗೆ ನಗು ಬಂದೀತು. ಬರಲಿ. ನಮ್ಮಲ್ಲಿ ಚಿತ್ರದುರ್ಗ, ಹಾವೇರಿ, ಬೆಳಗಾವಿ ಕಡೆಯವರು ಕೆಲವರಿದ್ದೀರಿ. ಕಂಬಳಿಯ ಗೊಪ್ಪೆಯೊಳಗೆ ಮಳೆ ಕಳೆದವರಿಗೆ ಉಣ್ಣೆಯ ಬೆಲೆಯನ್ನು ನಾನು ಹೇಳಬೇಕಾಗಿಲ್ಲ.

ಕಂಬಳಿಗೆ ಮಗ್ಗ ಬೇಕು, ನೂಲು ಬೇಕು, ಹಾಸಿಗೆ ಹುಣಸೆ ಬೀಜದ ಸರಿ ಬೇಕು. ನಾನು ಹೇಳುವ ಕೆಲಸಕ್ಕೆ ಇದಾವುದೂ ಬೇಡ. ಬಿಡಿ ಉಣ್ಣೆಯನ್ನು ಬಿಸಿನೀರು, ಸಾಬೂನು ಹಾಕಿ ಉಜ್ಜಿ ಒಂದೇ ಹಾಳೆಯಾಗಿ ಬೆಸೆಯುವುದು. ಕಾಶ್ಮೀರದ ನಮದಾ ಇದೇ ಜಾತಿಯದು. ಸೈಬೀರಿಯದ ಪಾಜಿರಿಕ್ ಎಂಬಲ್ಲಿ 1949ರಲ್ಲಿ ಅಗೆದ ಒಂದು ಗೋರಿಯಲ್ಲಿ, ಹಿಮದ ದೆಸೆಯಿಂದ ಕೆಡದೆ ಉಳಿದ ಇಂಥ ದೊಡ್ಡ ಗೋಡೆತೆರೆ ಸಿಕ್ಕಿತು; ಅದು ಎರಡು ಸಾವಿರ ವರ್ಷಕ್ಕೂ ಹಳೆಯದು.

ಇದರ ಗುಟ್ಟು ಕೂದಲಿನಲ್ಲೇ ಇದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ಬಿಸಿ ತಗಲಿ, ಸಾಬೂನಿನಲ್ಲಿ ಜಾರಿ, ಎಳೆಗಳು ಒಂದರೊಳಗೊಂದು ನುಗ್ಗುತ್ತವೆ; ಹಿಂದಕ್ಕೆ ಬರಲು ಹುರುಪೆ ಬಿಡುವುದಿಲ್ಲ. ಸ್ವೆಟರನ್ನು ಕುದಿನೀರಲ್ಲಿ ಒಗೆದು ಮಗುವಿನ ಅಂಗಿ ಮಾಡಿದ ಮನೆಗಳಿಗೆ ಈ ಶಾಸ್ತ್ರ ಗೊತ್ತು.

ನಮ್ಮ ದಖ್ಖನಿ ಕುರಿಯ ತುಪ್ಪಟ ಒರಟು, ಕೂದಲು ಹೆಚ್ಚು, ಬೇಗ ಬೆಸೆಯದು. ಮರಿಯ ಮೊದಲ ಕತ್ತರಿಯ ತುಪ್ಪಟ ಮೆತ್ತಗಿರುತ್ತದೆ. ಅದನ್ನಾಗಲಿ ಬೇರೆ ಮೃದು ಉಣ್ಣೆಯನ್ನಾಗಲಿ ಬೆರೆಸಬೇಕು. ಮುಳ್ಳು, ಧೂಳು ತೆಗೆದು, ತೊಳೆದು, ಒಣಗಿಸಿ, ಚೆನ್ನಾಗಿ ಹಿಂಜಿದ ಕಾಲು ಕಿಲೋ ಉಣ್ಣೆ ಸಾಕು. ಚಾಪೆಯ ಮೇಲೆ 90 ಸೆಂಟಿಮೀಟರ್ ಉದ್ದ, 65 ಅಗಲಕ್ಕೆ ತೆಳುವಾಗಿ ಹರಡಿ. ಎರಡನೆಯ ಪದರ ಅಡ್ಡಕ್ಕೆ, ಮೂರನೆಯದು ಮತ್ತೆ ಉದ್ದಕ್ಕೆ. ಮುಗಿದಾಗ ಅದು ಮೂರರಲ್ಲಿ ಒಂದು ಪಾಲು ಕುಗ್ಗಿರುತ್ತದೆ.

ಇನ್ನು ಚಿತ್ರ. ಮೊದಲು ಆಕಾಶ, ಆಮೇಲೆ ದೂರದ ಗುಡ್ಡ, ಕೊನೆಗೆ ಹತ್ತಿರದ್ದು. ದೂರದ್ದು ಮಸಕು, ಹತ್ತಿರದ್ದು ಗಾಢ. ಬಣ್ಣದಂಗಡಿಗೆ ಓಡಬೇಡಿ. ಕುರಿಯ ಮೈಮೇಲಿನ ಕಪ್ಪು, ಬೂದು, ಕಂದು, ಬಿಳಿ ಇಷ್ಟರಲ್ಲೇ ಚಿತ್ರದುರ್ಗದ ಬಂಡೆಗಳನ್ನೆಲ್ಲ ಎಬ್ಬಿಸಬಹುದು. ಅರಿಸಿನದ ಹಳದಿ ಅಂದವೇ, ಆದರೆ ಬಿಸಿಲಿಗೆ ಹಾರಿಹೋಗುತ್ತದೆ.

ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿ, ಬಿಸಿ ಸಾಬೂನುನೀರು ಚಿಮುಕಿಸಿ, ಅಂಗೈಯಿಂದ ಮೆಲ್ಲಗೆ ಉಜ್ಜಿ. ಮೊದಲೇ ಬಲ ಹಾಕಿದರೆ ಗುಡ್ಡ ಜರುಗಿ ಆಕಾಶಕ್ಕೆ ಹೋದೀತು! ಚಿವುಟಿದರೆ ಎಳೆ ಮೇಲೇಳದಷ್ಟು ಹಿಡಿದ ಮೇಲೆ ಚಾಪೆಯೊಡನೆ ಸುತ್ತಿ, ಕಟ್ಟಿ, ನೂರಾರು ಸಲ ಉರುಳಿಸಿ. ನಡುನಡುವೆ ಬಿಚ್ಚಿ ದಿಕ್ಕು ಬದಲಿಸಿ. ನೀರು ಒಂದೆರಡು ಬಕೆಟ್ ಸಾಕು, ನಲ್ಲಿಯ ಹೊತ್ತಿಗೆ ಕಾಯಬೇಕಾಗಿಲ್ಲ.

ನನ್ನ ಮನಸ್ಸಿನಲ್ಲಿರುವ ಮಾತು ಬೇರೆಯೇ. ಇಂದು ಅನೇಕ ಕಡೆ ಕತ್ತರಿಸುವ ಕೂಲಿಯಷ್ಟೂ ತುಪ್ಪಟಕ್ಕೆ ಬೆಲೆ ಸಿಗದೆ ಕುರಿಗಾರರು ಅದನ್ನು ಹೊಲದ ಬದುವಿಗೆ ಎಸೆಯುತ್ತಿದ್ದಾರೆ. ಅಂಗಡಿಯ ಕಂಬಳಿ ಬಹುಮಟ್ಟಿಗೆ ಮಿಲ್ಲಿನದು. ನಾಲ್ಕು ಗೋಡೆತೆರೆಯಿಂದ ಕುರುಬರ ಸಂಸಾರ ನೆಟ್ಟಗಾಗದು, ಬಲ್ಲೆ. ಆದರೂ ಊರಿನ ಜಾತ್ರೆಗೆ ಹೋದಾಗ ಎರಡು ಕಿಲೋ ತುಪ್ಪಟ ತನ್ನಿ. ಪುಕ್ಕಟೆ ಕೊಟ್ಟರೂ ದುಡ್ಡು ಕೊಟ್ಟೇ ತನ್ನಿ.

ಮಳೆಗಾಲದಲ್ಲಿ ನಮ್ಮ ಖೋಲಿಗಳ ಗೋಡೆ ತೇವ. ತೆರೆಯನ್ನು ಬಿದಿರು ಕಡ್ಡಿಗೆ ಹೊಲಿದು, ಗೋಡೆಗೆ ಅಂಟದಂತೆ ತೂಗುಹಾಕಿ. ಬಿಸಿಲು ಬಿದ್ದ ದಿನ ಇಳಿಸಿ ಕೊಡವಿದರೆ ಹುಳ ಹತ್ತದು.